ಸೇವಾ ಸಂಸ್ಥೆಯಲ್ಲಿ ಸಂಬಳಕ್ಕೆ ದುಡಿಯುವವರ ಕೆಲಸಕ್ಕೆ ಬೆಲೆ ಏನು?

ಪ್ರಶ್ನೆ: ಮಕ್ಕಳ ಶಿಕ್ಷಣಕ್ಕೆ ನೆರವಾಗುವ ಒಂದು ಲಾಭರಹಿತ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮಕ್ಕಳಿಗೆ ಪಾಠ ಹೇಳುವವಳು ನಾನಲ್ಲ. ವೋಚರು, ರಸೀದಿ, ಆಡಿಟ್, ದಾನಿಗಳಿಗೆ ವರದಿ, ಇಷ್ಟೇ ನನ್ನ ಕೆಲಸ. ಇತ್ತೀಚೆಗೆ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಬ್ಯಾಂಕ್ ಖಾತೆ ಸಂಖ್ಯೆ ತಪ್ಪಾಗಿದ್ದ ಹದಿನೇಳು ಮಕ್ಕಳ ಮನೆಗಳಿಗೆ ಫೋನ್ ಮಾಡಿ ಸರಿಪಡಿಸುವುದರಲ್ಲೇ ಇಡೀ ಒಂದು ವಾರ ಕಳೆದುಹೋಯಿತು. ಅದಾದ ಮೇಲೆ ನಡೆದ ವಾರ್ಷಿಕ ಸಭೆಯಲ್ಲಿ ದಾನಿಯೊಬ್ಬರು ಖರ್ಚಿನ ಪಟ್ಟಿ ನೋಡಿ, “ನಿಮ್ಮ ಸಂಬಳಕ್ಕೆ ಹೋಗುವ ಹಣ ಮಕ್ಕಳಿಗೇ ಹೋಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಮನೆಯಲ್ಲೂ ಅಷ್ಟೆ, ಸೇವೆ ಅಂದಮೇಲೆ ಸಂಬಳ ಯಾಕೆ ಎಂದು ಒಬ್ಬರು ಕೇಳಿದರೆ, ಕೆಲಸ ಅಂದಮೇಲೆ ಇಷ್ಟು ಕಡಿಮೆ ಸಂಬಳ ಯಾಕೆ ಎಂದು ಇನ್ನೊಬ್ಬರು ಕೇಳುತ್ತಾರೆ. ಇಂಥ ಕೆಲಸಕ್ಕೆ, ಇದನ್ನು ಮಾಡುವವರಿಗೆ ನಿಜವಾಗಿ ಬೆಲೆ ಇದೆಯೇ? ಇದ್ದರೆ ಅದನ್ನು ಅಳೆಯುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸುಮಾರು ಮೂರು ದಶಕಗಳಿಂದ ಇಂಥ ಸಂಸ್ಥೆಗಳ ಲೆಕ್ಕಪತ್ರ ಮತ್ತು ಮೌಲ್ಯಮಾಪನದ ಕೆಲಸದಲ್ಲೇ ಇರುವ ನನಗೆ ಆ ದಾನಿಯ ಮಾತು ಹೊಸದಲ್ಲ. ಅದನ್ನು ಕೇಳಿಸಿಕೊಂಡು ತಲೆ ತಗ್ಗಿಸಿದವರು ಹೆಚ್ಚಾಗಿ ನಿಮ್ಮಂತೆ ಕಚೇರಿಯ ಒಳಗೆ ಕೂತು ದುಡಿಯುವವರೇ ಎಂಬುದು ಮಾತ್ರ ಪ್ರತಿ ಸಲವೂ ನೋವು ತರುತ್ತದೆ. ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ತಾನು ಕೊಟ್ಟ ಹಣ ಯಾರಿಗೆ ಎಷ್ಟು ಮುಟ್ಟಿತು ಎಂದು ಕೇಳುವ ಹಕ್ಕು ದಾನಿಗೆ ಖಂಡಿತವಾಗಿ ಇದೆ. ಆದರೆ ನಿಮ್ಮ ಸಂಬಳವನ್ನು ಮಕ್ಕಳ ಪಾಲಿನಿಂದ ಕಿತ್ತುಕೊಂಡ ಮೊತ್ತವೆಂದು ನೋಡುವುದು ಭಾವನೆಯ ಮಾತು ಹಾಗಿರಲಿ, ಲೆಕ್ಕದ ದೃಷ್ಟಿಯಿಂದಲೇ ತಪ್ಪು. ಆ ತಪ್ಪು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ತಿಳಿದುಕೊಂಡರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ದಾರಿ ಸಿಗುತ್ತದೆ.

ಲಾಭರಹಿತ ಎಂಬ ಪದವನ್ನೇ ಮೊದಲು ತೆಗೆದುಕೊಳ್ಳೋಣ. ಇಲ್ಲಿ ಯಾರೂ ಸಂಬಳ ಪಡೆಯಬಾರದು, ವರ್ಷದ ಕೊನೆಗೆ ಒಂದು ಕಾಸೂ ಉಳಿಯಬಾರದು ಎಂದು ಅನೇಕರು ತಿಳಿದುಕೊಂಡಿದ್ದಾರೆ. ಆ ಪದದ ಅರ್ಥ ಅಷ್ಟು ದೊಡ್ಡದಲ್ಲ, ಅಷ್ಟು ಕಠೋರವೂ ಅಲ್ಲ. ಖರ್ಚು ಕಳೆದು ಉಳಿದ ಹಣವನ್ನು ಸ್ಥಾಪಕರಾಗಲಿ, ಟ್ರಸ್ಟಿಗಳಾಗಲಿ, ಸದಸ್ಯರಾಗಲಿ ತಮ್ಮತಮ್ಮಲ್ಲಿ ಹಂಚಿಕೊಳ್ಳುವಂತಿಲ್ಲ, ಅದು ಮತ್ತೆ ಸಂಸ್ಥೆಯ ಉದ್ದೇಶಕ್ಕೇ ಹೋಗಬೇಕು ಎಂಬುದಷ್ಟೇ ಅದರ ತಿರುಳು. ಮಾಡಿದ ಕೆಲಸಕ್ಕೆ ನ್ಯಾಯವಾದ ಸಂಬಳ ಪಡೆಯುವುದಕ್ಕೆ ಇದು ಅಡ್ಡಿಯಾಗುವುದಿಲ್ಲ. ಅಮೆರಿಕದ ಕಾನೂನು ವಿದ್ವಾಂಸ ಹೆನ್ರಿ ಹ್ಯಾನ್ಸ್‌ಮನ್ 1980ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಈ ಹಂಚಿಕೆಯ ನಿಷೇಧ ಏಕೆ ಬೇಕಾಯಿತು ಎಂಬುದನ್ನು ಬಹಳ ಸ್ಪಷ್ಟವಾಗಿ ವಿವರಿಸಿದರು. ಅಂಗಡಿಯಲ್ಲಿ ಬಟ್ಟೆ ಕೊಳ್ಳುವವನು ಹಣ ಕೊಟ್ಟು ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ. ನೇಯ್ಗೆ ಚೆನ್ನಾಗಿಲ್ಲದಿದ್ದರೆ ಮುಂದಿನ ಸಲ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ದೂರದ ಊರಿನ ಮಗುವಿಗೆ ಪುಸ್ತಕ ಕೊಡಿಸಲು ಹಣ ಕಳುಹಿಸುವವನ ಸ್ಥಿತಿ ಹಾಗಲ್ಲ. ಹಣ ಕೊಡುವವನು ಒಬ್ಬ, ಫಲ ಪಡೆಯುವವನು ಇನ್ನೊಬ್ಬ, ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆ ನಡುವಿನ ಕತ್ತಲಲ್ಲಿ ಯಾರೂ ಹಣ ಹೊಡೆಯುವುದಿಲ್ಲ ಎಂಬ ಭರವಸೆ ದಾನಿಗೆ ಬೇಕು. ಲಾಭವನ್ನು ಹಂಚಿಕೊಳ್ಳುವಂತಿಲ್ಲ ಎಂಬ ನಿಯಮ ಆ ಭರವಸೆಯ ಅರ್ಧ ಭಾಗ ಮಾತ್ರ. ಉಳಿದ ಅರ್ಧ ಭಾಗ ನಿಮ್ಮ ಮೇಜಿನ ಮೇಲಿರುವ ವೋಚರುಗಳು. ಅಂದರೆ ಆ ದಾನಿಗೆ ತನ್ನ ಹಣ ಮಕ್ಕಳಿಗೆ ಮುಟ್ಟಿತೋ ಇಲ್ಲವೋ ಎಂದು ತಿಳಿಯಲು ಇರುವ ಏಕೈಕ ಕಣ್ಣು ನೀವು. ಆ ಕಣ್ಣಿಗೆ ಸಂಬಳ ಕೊಡಬೇಕೇ ಎಂದು ಅವರೇ ಕೇಳಿದ್ದಾರೆ.

ಕೊಡುವವನೂ ಪಡೆಯುವವನೂ ಬೇರೆಯಾಗಿರುವುದರಿಂದಲೇ ಇನ್ನೊಂದು ತೊಡಕು ಹುಟ್ಟುತ್ತದೆ. ಮಾರುಕಟ್ಟೆಯಲ್ಲಿ ಒಂದು ಕೆಲಸದ ಬೆಲೆಯನ್ನು ಅದನ್ನು ಕೊಳ್ಳುವವನು ಎಷ್ಟು ಕೊಡಲು ಸಿದ್ಧನಿದ್ದಾನೆ ಎಂಬುದರಿಂದ ಅಂದಾಜು ಮಾಡುತ್ತೇವೆ. ಪಡೆಯುವವನು ಏನೂ ಕೊಡದ ಕಡೆ ಆ ಅಳತೆಗೋಲೇ ಇರುವುದಿಲ್ಲ. ಅಳತೆಗೋಲು ಇಲ್ಲದ್ದನ್ನು ಬೆಲೆಯೇ ಇಲ್ಲದ್ದು ಎಂದು ತಿಳಿಯುವುದು ನಮ್ಮೆಲ್ಲರ ರೂಢಿ. ದೇಶಗಳ ಲೆಕ್ಕವೂ ಇದೇ ದಾರಿಯಲ್ಲಿ ನಡೆಯುತ್ತದೆ. ವಿಶ್ವಸಂಸ್ಥೆ ಮತ್ತಿತರ ಸಂಸ್ಥೆಗಳು ಸೇರಿ 2008ರಲ್ಲಿ ರೂಪಿಸಿದ ರಾಷ್ಟ್ರೀಯ ಲೆಕ್ಕಪದ್ಧತಿಯ ಪ್ರಕಾರ, ಉಚಿತವಾಗಿಯೋ ನಾಮಮಾತ್ರದ ಶುಲ್ಕಕ್ಕೋ ಸೇವೆ ಕೊಡುವ ಸಂಸ್ಥೆಯ ಉತ್ಪಾದನೆಯ ಮೌಲ್ಯ ಎಂದರೆ ಅದಕ್ಕೆ ತಗುಲಿದ ಖರ್ಚಿನ ಮೊತ್ತ. ಶಿಕ್ಷಕಿ ಮಗುವಿಗೆ ಓದು ಕಲಿಸಿದರೆ ಲೆಕ್ಕದಲ್ಲಿ ಬರುವುದು ಆಕೆಯ ಸಂಬಳ, ಕಟ್ಟಡದ ಸವಕಳಿ, ಸೀಮೆಸುಣ್ಣದ ಖರ್ಚು. ಆ ಮಗು ಓದಲು ಕಲಿತದ್ದು ಎಲ್ಲಿಯೂ ಬರುವುದಿಲ್ಲ. ಆಕೆಗೆ ಅರ್ಧ ಸಂಬಳ ಕೊಟ್ಟು ಅಷ್ಟೇ ಮಕ್ಕಳಿಗೆ ಪಾಠ ಹೇಳಿಸಿದರೆ ದೇಶದ ಪುಸ್ತಕದಲ್ಲಿ ಆ ಕೆಲಸದ ಮೌಲ್ಯ ಕುಸಿಯುತ್ತದೆ. ಆಕೆ ಸಂಬಳವನ್ನೇ ಪಡೆಯದೆ ಸ್ವಯಂಸೇವಕಿಯಾಗಿ ಕಲಿಸಿದರೆ ಆಕೆಯ ದುಡಿಮೆ ಸೊನ್ನೆ.

ಈ ಸೊನ್ನೆಯನ್ನು ತುಂಬಿಸಲು ತಜ್ಞರು ಪ್ರಯತ್ನಪಟ್ಟಿದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಸ್ವಯಂಸೇವೆಯನ್ನು ಅಳೆಯುವ ಕೈಪಿಡಿಯೊಂದನ್ನು ಹೊರತಂದಿತು. ಅದೇ ಕೆಲಸವನ್ನು ಸಂಬಳ ಕೊಟ್ಟು ಮಾಡಿಸಿದ್ದರೆ ಎಷ್ಟು ಖರ್ಚಾಗುತ್ತಿತ್ತು ಎಂದು ಲೆಕ್ಕ ಹಾಕಬೇಕು ಎಂಬುದು ಅದರ ಸಲಹೆ. 2013ರಲ್ಲಿ ಕಾರ್ಮಿಕ ಅಂಕಿಅಂಶ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನವು ಸ್ವಯಂಸೇವೆಯನ್ನು ಬಿಡುವಿನ ವೇಳೆಯ ಹವ್ಯಾಸವೆಂದು ಬದಿಗಿಡದೆ, ದುಡಿಮೆಯ ಒಂದು ಬಗೆ ಎಂದೇ ಒಪ್ಪಿಕೊಂಡಿತು. ಇವು ಸಣ್ಣ ಹೆಜ್ಜೆಗಳೇನಲ್ಲ. ಆದರೂ ಬದಲಿ ಕೂಲಿಯ ಲೆಕ್ಕ ಕೆಲಸದ ಒಂದು ಮೂಲೆಯನ್ನಷ್ಟೇ ತೋರಿಸುತ್ತದೆ. ಲಂಡನ್ನಿನ ಪಾದ್ರಿ ಚಾಡ್ ವಾರಾ 1953ರಲ್ಲಿ, ಆತ್ಮಹತ್ಯೆಯ ಅಂಚಿಗೆ ಬಂದವರು ಕರೆ ಮಾಡಿ ಮಾತನಾಡಲೆಂದು ತಮ್ಮ ಚರ್ಚಿನಲ್ಲೇ ದೂರವಾಣಿ ಸೇವೆಯೊಂದನ್ನು ತೆರೆದರು. ಸಮಾರಿಟನ್ಸ್ ಸಂಸ್ಥೆ ಹುಟ್ಟಿದ್ದು ಹಾಗೆ. ಆರಂಭದಲ್ಲಿ ಸಲಹೆ ಕೊಡುವುದು ವಾರಾ ಅವರದ್ದೇ ಕೆಲಸವಾಗಿತ್ತು. ಅವರನ್ನು ಕಾಣಲು ಬಂದು ಹೊರಗೆ ಕಾಯುತ್ತಿದ್ದವರ ಜೊತೆ ಸುಮ್ಮನೆ ಕೂತು ಮಾತಿಗೆ ಕಿವಿಗೊಡುವುದು ಸ್ವಯಂಸೇವಕರ ಕೆಲಸ. ಹಾಗೆ ಮಾತನಾಡಿಕೊಂಡವರಲ್ಲಿ ಎಷ್ಟೋ ಜನ ವಾರಾ ಅವರನ್ನು ಕಾಣುವ ಅಗತ್ಯವೇ ಇಲ್ಲದೆ ಹಗುರವಾಗಿ ಮನೆಗೆ ಹೊರಟುಹೋಗುವುದನ್ನು ಅವರು ಗಮನಿಸಿದರು. 1954ರ ಫೆಬ್ರವರಿಯಲ್ಲಿ ಕರೆ ಸ್ವೀಕರಿಸುವ ಹೊಣೆಯನ್ನೇ ಸ್ವಯಂಸೇವಕರಿಗೆ ಒಪ್ಪಿಸಿದರು. ಅಂಥ ಒಂದು ರಾತ್ರಿಯ ನಾಲ್ಕು ಗಂಟೆಗಳಿಗೆ ಯಾವ ಬದಲಿ ಕೂಲಿಯನ್ನು ಬರೆದರೂ, ಕರೆ ಮಾಡಿದವನು ಬೆಳಗ್ಗೆ ಎದ್ದು ಮುಖ ತೊಳೆದುಕೊಂಡ ಎಂಬ ಸಂಗತಿಗೆ ಅದು ಸಮನಾಗುವುದಿಲ್ಲ.

ಹಾಗಾದರೆ ಅಳೆಯುವುದನ್ನೇ ಬಿಟ್ಟುಬಿಡಬೇಕೇ? ಖಂಡಿತ ಬೇಡ. ಸೇವೆಯನ್ನು ಅಳೆಯಬಾರದು, ಅದು ಹೃದಯದ ಮಾತು ಎಂದು ಹೇಳುವವರಿಂದ ನಾನು ದೂರವೇ ನಿಲ್ಲುತ್ತೇನೆ. ಎಚ್ಚರಿಕೆಯಿಂದ ಅಳೆದ ಕೆಲಸ ಏನು ಸಾಧಿಸಬಲ್ಲದು ಎಂಬುದಕ್ಕೆ ನನಗೆ ಬಹಳ ಪ್ರಿಯವಾದ ಒಂದು ಉದಾಹರಣೆ ಇದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಅದರಷ್ಟು ಹತ್ತಿರವಾದ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ.

1971ರ ಬಾಂಗ್ಲಾದೇಶ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಏರಿಸುವ ದ್ರಾವಣ ಮುಗಿದಾಗ, ವೈದ್ಯ ದಿಲೀಪ್ ಮಹಲನಬೀಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳಿಗೆ ಬಾಯಿಯ ಮೂಲಕವೇ ಕುಡಿಸಲು ತೀರ್ಮಾನಿಸಿದರು. ಸಾವಿನ ಪ್ರಮಾಣ ಶೇಕಡಾ 30ರ ಆಸುಪಾಸಿನಿಂದ ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಮದ್ದು ಸಿಕ್ಕಿತ್ತು, ಆದರೆ ಅದು ಮನೆಮನೆಗೆ ಮುಟ್ಟಬೇಕಾಗಿತ್ತು. 1972ರಲ್ಲಿ ಫಜ್ಲೆ ಹಸನ್ ಅಬೇದ್ ಬಾಂಗ್ಲಾದೇಶದಲ್ಲಿ ಕಟ್ಟಿದ ಬ್ರ್ಯಾಕ್ ಸಂಸ್ಥೆ ಆ ಕೆಲಸಕ್ಕೆ ಕೈ ಹಾಕಿತು. ಮೂರು ಬೆರಳಿನ ಚಿಟಿಕೆಯಷ್ಟು ಉಪ್ಪು, ನಾಲ್ಕು ಬೆರಳುಗಳಲ್ಲಿ ಹಿಡಿಯುವಷ್ಟು ಬೆಲ್ಲ, ಸುಮಾರು ಅರ್ಧ ಲೀಟರಿನಷ್ಟು ನೀರು. ಇದನ್ನು ಒಬ್ಬೊಬ್ಬ ತಾಯಿಗೂ ಆಕೆಯ ಮನೆಯಲ್ಲೇ ಕೂತು, ಆಕೆಯ ಕೈಯಿಂದಲೇ ಮಾಡಿಸಿ ಕಲಿಸಬೇಕು. ಕಾರ್ಯಕರ್ತೆಯರು ತಂಡಗಳಾಗಿ ಹಳ್ಳಿಯಿಂದ ಹಳ್ಳಿಗೆ ನಡೆದರು. 1980ರಿಂದ 1990ರವರೆಗೆ ಹತ್ತು ವರ್ಷಗಳಲ್ಲಿ ಅವರು ಮುಟ್ಟಿದ ಮನೆಗಳ ಸಂಖ್ಯೆ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಲೆಕ್ಕದವಳಾದ ನಿಮಗೆ ಬೇಕಾದದ್ದು ಇದರ ಒಳಗಿನ ವಿವರ. ಉಪ್ಪು ಹೆಚ್ಚಾದರೆ ಆ ನೀರೇ ಮಗುವಿಗೆ ಅಪಾಯ. ಆದ್ದರಿಂದ ಕಲಿಸಿ ಬಂದರೆ ಸಾಲದು, ತಾಯಂದಿರು ಸರಿಯಾಗಿ ಕಲಿತರೇ ಎಂದು ನೋಡಬೇಕಾಗಿತ್ತು. ಕಾರ್ಯಕರ್ತೆ ಹೋಗಿಬಂದ ಸುಮಾರು ಒಂದು ತಿಂಗಳ ಮೇಲೆ, ಕಲಿಸಿದವಳಿಗೆ ಸಂಬಂಧವಿಲ್ಲದ ಇನ್ನೊಬ್ಬರು ಕೆಲವು ಮನೆಗಳನ್ನು ಆಯ್ದು ಭೇಟಿ ಕೊಡುತ್ತಿದ್ದರು; ಕಲಿತದ್ದರಲ್ಲಿ ಏನೇನು ನೆನಪಿದೆ ಎಂದು ತಾಯಿಯನ್ನು ಕೇಳಿ, ಆಕೆ ಮಾಡಿದ ದ್ರಾವಣದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಉಪ್ಪಿನ ಅಂಶ ಪರೀಕ್ಷಿಸುತ್ತಿದ್ದರು. ಕಾರ್ಯಕರ್ತೆಯ ಸಂಬಳ ಎಷ್ಟು ಮನೆಗೆ ಹೋದಳು ಎಂಬುದರ ಮೇಲೆ ನಿಂತಿರಲಿಲ್ಲ, ಎಷ್ಟು ತಾಯಂದಿರು ಎಷ್ಟು ಚೆನ್ನಾಗಿ ಕಲಿತರು ಎಂಬುದರ ಮೇಲೆ ನಿಂತಿತ್ತು. ಇಷ್ಟೆಲ್ಲ ಆದರೂ ಆರಂಭದ ದಿನಗಳಲ್ಲಿ, ಕಲಿತ ತಾಯಂದಿರಲ್ಲಿ ಬಹಳ ಮಂದಿ ಮಗುವಿಗೆ ಭೇದಿಯಾದಾಗ ಅದನ್ನು ಬಳಸುತ್ತಿರಲಿಲ್ಲ. ಯಾಕೆ ಎಂದು ಸಂಸ್ಥೆ ಬೆನ್ನುಹತ್ತಿ ನೋಡಿದಾಗ ತಿಳಿದ ಸಂಗತಿ ಎಂದರೆ, ಸ್ವತಃ ಕಾರ್ಯಕರ್ತರಲ್ಲೇ ಅನೇಕರಿಗೆ ಆ ನೀರಿನಲ್ಲಿ ನಂಬಿಕೆ ಇರಲಿಲ್ಲ. ತಮಗೆ ಭೇದಿಯಾದರೆ ಅವರು ಮಾತ್ರೆ ನುಂಗುತ್ತಿದ್ದರು. ಆಗ ಅವರನ್ನು ಢಾಕಾದ ಅತಿಸಾರ ಸಂಶೋಧನಾ ಕೇಂದ್ರಕ್ಕೆ ಕರೆದೊಯ್ದು ಆ ದ್ರಾವಣ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಣ್ಣಾರೆ ತೋರಿಸಿದರು. ಹೆಂಗಸರಿಗೆ ಮಾತ್ರ ಹೇಳಿದರೆ ಸಾಲದು, ಮನೆಯ ಗಂಡಸರನ್ನೂ ಒಪ್ಪಿಸಬೇಕು ಎಂಬುದೂ ಆ ಹುಡುಕಾಟದಲ್ಲಿ ತಿಳಿಯಿತು. ಬಳಕೆ ಏರಿತು.

ಈಗ ಇದನ್ನು ನಿಮ್ಮ ದಾನಿಯ ಕಣ್ಣಿನಿಂದ ನೋಡಿ. ತಿಂಗಳ ಮೇಲೆ ಮತ್ತೆ ಮನೆಗೆ ಹೋದವರು ಯಾವ ತಾಯಿಗೂ ಏನನ್ನೂ ಕಲಿಸಲಿಲ್ಲ. ಪ್ರಯೋಗಾಲಯಕ್ಕೆ ಮಾದರಿ ಸಾಗಿಸಿದವರು ಯಾವ ಮಗುವಿಗೂ ನೀರು ಕುಡಿಸಲಿಲ್ಲ. ಹಾಜರಿ, ಅಂಕ, ಸಂಬಳದ ಪಟ್ಟಿ ನೋಡಿಕೊಂಡವರು ಹಳ್ಳಿಯನ್ನು ಕಂಡರೋ ಇಲ್ಲವೋ. ಕಾರ್ಯಕರ್ತರನ್ನು ಢಾಕಾಕ್ಕೆ ಕರೆದೊಯ್ದ ಖರ್ಚನ್ನಂತೂ ಪ್ರವಾಸ ವೆಚ್ಚ ಎಂದೇ ಬರೆಯಬೇಕಾಗುತ್ತದೆ. ಇವರೆಲ್ಲರನ್ನೂ ಪಟ್ಟಿಯಿಂದ ತೆಗೆದುಹಾಕಿದ್ದರೆ ಒಂದೊಂದು ಮನೆಗೆ ತಗುಲುವ ಖರ್ಚು ಇಳಿಯುತ್ತಿತ್ತು, ವರದಿ ಇನ್ನೂ ಸುಂದರವಾಗಿ ಕಾಣುತ್ತಿತ್ತು. ತಾಯಂದಿರು ಮಾತ್ರ ಅದನ್ನು ಬಳಸುತ್ತಿರಲಿಲ್ಲ, ಬಳಸಿದ ಕೆಲವರು ಉಪ್ಪು ಹೆಚ್ಚು ಹಾಕುತ್ತಿದ್ದರು. ಅದು ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ.

ಕೆಲವು ಕೆಲಸಗಳಲ್ಲಿ ಫಲ ಎಂದರೆ ಏನೂ ಸಂಭವಿಸದೆ ಇರುವುದು. ನಾರುಹುಣ್ಣಿನ ಕೆಲಸ ಅಂಥದ್ದು. ಕೊಳಕು ನೀರಿನಿಂದ ದೇಹವನ್ನು ಹೊಕ್ಕ ಹುಳು ಒಂದು ವರ್ಷದ ಬಳಿಕ ಕಾಲಿನ ಚರ್ಮವನ್ನು ಒಡೆದು ಹೊರಬರುತ್ತದೆ. ಅದು ತುಂಡಾಗದಂತೆ ಸಣ್ಣ ಕಡ್ಡಿಗೆ ದಿನವೂ ಕೆಲವೇ ಸೆಂಟಿಮೀಟರಿನಷ್ಟು ಸುತ್ತುತ್ತಾ ವಾರಗಟ್ಟಲೆ ಎಳೆಯಬೇಕು. ಇದಕ್ಕೆ ಲಸಿಕೆ ಇಲ್ಲ, ಮದ್ದಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಹುಣ್ಣಿರುವವರು ಕೆರೆಗೆ ಇಳಿಯದಂತೆ ನೋಡಿಕೊಳ್ಳುವುದು, ಇಷ್ಟೇ ಉಪಾಯ. 1986ರಲ್ಲಿ ಕಾರ್ಟರ್ ಸೆಂಟರ್ ಎಂಬ ಲಾಭರಹಿತ ಸಂಸ್ಥೆ ಇದರ ನಿರ್ಮೂಲನೆಯ ನೇತೃತ್ವ ವಹಿಸಿದಾಗ ಆಫ್ರಿಕಾ ಮತ್ತು ಏಷ್ಯಾದ 21 ದೇಶಗಳಲ್ಲಿ ವರ್ಷಕ್ಕೆ ಅಂದಾಜು 35 ಲಕ್ಷ ಜನ ಇದರಿಂದ ನರಳುತ್ತಿದ್ದರು. 2021ರಿಂದ 2024ರವರೆಗೆ ಯಾವ ವರ್ಷವೂ ಮನುಷ್ಯರಲ್ಲಿ ಕಂಡ ಪ್ರಕರಣಗಳು 15ನ್ನು ದಾಟಿಲ್ಲ. ಈ ಇಳಿಕೆಯ ಬೆನ್ನೆಲುಬು ಹಳ್ಳಿಗಳ ಸ್ವಯಂಸೇವಕರು. ತಮ್ಮ ಹಳ್ಳಿಯಲ್ಲಿ ಒಂದೂ ಪ್ರಕರಣ ಇಲ್ಲದ ತಿಂಗಳಲ್ಲೂ ಮನೆಮನೆ ಸುತ್ತಿ, ಸೊನ್ನೆ ಎಂದು ಬರೆದು ವರದಿ ಕಳುಹಿಸುವುದು ಅವರ ಕೆಲಸ. ವರದಿ ಬಾರದಿದ್ದರೆ ರೋಗವಿಲ್ಲ ಎಂದು ಅರ್ಥ ಮಾಡಿಕೊಳ್ಳುವಂತಿಲ್ಲ. ಸೊನ್ನೆಯನ್ನು ಯಾರಾದರೂ ನೋಡಿ ಬರೆದಿರಬೇಕು.

ಇಲ್ಲೊಂದು ಲೆಕ್ಕದ ಸೂಕ್ಷ್ಮವಿದೆ. ಪ್ರಕರಣಗಳು ಕಡಿಮೆಯಾದಷ್ಟೂ ಒಂದೊಂದು ಪ್ರಕರಣಕ್ಕೆ ತಗುಲುವ ಖರ್ಚು ಏರುತ್ತಾ ಹೋಗುತ್ತದೆ, ಏಕೆಂದರೆ ಉಳಿದ ಹತ್ತಾರು ಪ್ರಕರಣಗಳನ್ನು ಹುಡುಕಲು ಸಾವಿರಾರು ಹಳ್ಳಿಗಳ ಮೇಲೆ ಕಣ್ಣಿಡಬೇಕು. ಚಾಡ್ ದೇಶದಲ್ಲಿ 2012ರಿಂದ ನಾಯಿಗಳಲ್ಲೂ ಆ ಹುಳು ಕಾಣಿಸಿಕೊಂಡಿರುವುದರಿಂದ ಕೆಲಸ ಇನ್ನಷ್ಟು ಕಷ್ಟವಾಗಿದೆ. ಪ್ರಕರಣವೊಂದಕ್ಕೆ ಇಷ್ಟು ಎಂಬ ಅಳತೆಯಿಂದ ನೋಡಿದರೆ ಈ ಕಾರ್ಯಕ್ರಮ ಗುರಿಗೆ ಹತ್ತಿರವಾದಷ್ಟೂ ದುಂದಾಗಿ ಕಾಣುತ್ತದೆ. ತಪ್ಪು ಅಳತೆಗೋಲನ್ನು ಹಿಡಿದರೆ ಗೆಲುವು ಕೂಡ ನಷ್ಟದಂತೆ ತೋರುತ್ತದೆ ಎಂಬುದನ್ನು ಟ್ರಸ್ಟಿಗಳಿಗೆ ವಿವರಿಸಬೇಕಾದಾಗಲೆಲ್ಲ ನಾನು ಇದನ್ನೇ ಹೇಳುತ್ತೇನೆ.

ಆಡಳಿತ ವೆಚ್ಚದ ಶೇಕಡಾವಾರು, ಅಂದರೆ ಒಟ್ಟು ಖರ್ಚಿನಲ್ಲಿ ಕಚೇರಿ ನಡೆಸಲು ಹೋದ ಪಾಲು, ಅಂಥ ತಪ್ಪು ಅಳತೆಗೋಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಚಾಲ್ತಿಯಲ್ಲಿರುವುದು. ಸಿಸಿಲಿ ಸಾಂಡರ್ಸ್ ಎಂಬ ಬ್ರಿಟಿಷ್ ಮಹಿಳೆಗೆ 1948ರಲ್ಲಿ, ಕ್ಯಾನ್ಸರಿನಿಂದ ಸಾಯುತ್ತಿದ್ದ ರೋಗಿಯೊಬ್ಬ 500 ಪೌಂಡುಗಳನ್ನು ಬಿಟ್ಟುಹೋದ. ಸಾವಿನ ಹೊಸ್ತಿಲಲ್ಲಿರುವವರನ್ನು ನೋವಿಲ್ಲದಂತೆ, ಘನತೆಯಿಂದ ನೋಡಿಕೊಳ್ಳುವ ಮನೆಯೊಂದನ್ನು ಕಟ್ಟಬೇಕು ಎಂಬ ಅವರ ಕನಸಿನ ಮೊದಲ ಹಣ ಅದು. ನರ್ಸಾಗಿದ್ದವರು, ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿದ್ದವರು, ಆ ಉದ್ದೇಶಕ್ಕಾಗಿಯೇ ವೈದ್ಯಶಾಸ್ತ್ರ ಓದಿ 1957ರಲ್ಲಿ ವೈದ್ಯೆಯಾದರು. ನೋವು ನಿವಾರಣೆಯ ಬಗ್ಗೆ ಸಂಶೋಧನೆ ಮಾಡಿದರು. ಜನರನ್ನು ಕಂಡು ಹಣ ಕೂಡಿಸಿದರು, ಜಾಗ ಹುಡುಕಿದರು, ನಕ್ಷೆ ಮಾಡಿಸಿದರು. ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಲಂಡನ್ನಿನಲ್ಲಿ ಬಾಗಿಲು ತೆರೆದದ್ದು 1967ರಲ್ಲಿ. ನಡುವಿನ ಹತ್ತೊಂಬತ್ತು ವರ್ಷಗಳಲ್ಲಿ ಆ ಇನ್ನೂ ಕಟ್ಟದ ಮನೆಯಲ್ಲಿ ಒಬ್ಬ ರೋಗಿಗೂ ಹಾಸಿಗೆ ಸಿಕ್ಕಿರಲಿಲ್ಲ. ಶೇಕಡಾವಾರಿನ ಲೆಕ್ಕ ಹಿಡಿದರೆ ಆ ಅವಧಿಯಲ್ಲಿ ಆ ಮನೆಗಾಗಿ ಖರ್ಚಾದ ಪ್ರತಿ ಪೌಂಡೂ ಆಡಳಿತ ವೆಚ್ಚವೇ. ಅಲ್ಲಿಂದ ಹಬ್ಬಿದ ಉಪಶಮನ ಆರೈಕೆಯನ್ನು ಎಲ್ಲ ದೇಶಗಳೂ ತಮ್ಮ ಆರೋಗ್ಯ ವ್ಯವಸ್ಥೆಯೊಳಗೆ ತರಬೇಕೆಂದು ವಿಶ್ವ ಆರೋಗ್ಯ ಅಧಿವೇಶನ 2014ರಲ್ಲಿ ನಿರ್ಣಯ ಕೈಗೊಂಡಿತು.

ಆಡಳಿತ ವೆಚ್ಚವನ್ನು ಕುಗ್ಗಿಸುತ್ತಾ ಹೋದರೆ ಸಂಸ್ಥೆ ಒಳಗಿನಿಂದಲೇ ಹೇಗೆ ಸೊರಗುತ್ತದೆ ಎಂಬುದನ್ನು ಅಮೆರಿಕದ ಇಬ್ಬರು ವಿಶ್ಲೇಷಕರು 2009ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಹಸಿವಿನ ಚಕ್ರ ಎಂದು ಕರೆದರು. ದಾನಿಗಳು ಅಸಾಧ್ಯವಾದ ಮಿತವ್ಯಯವನ್ನು ನಿರೀಕ್ಷಿಸುತ್ತಾರೆ, ಸಂಸ್ಥೆಗಳು ಹೆದರಿ ಖರ್ಚನ್ನು ಕಡಿಮೆ ಮಾಡುತ್ತವೆ ಅಥವಾ ಕಡಿಮೆ ತೋರಿಸುತ್ತವೆ, ಆ ಸುಳ್ಳು ಅಂಕಿ ನೋಡಿ ದಾನಿಗಳ ನಿರೀಕ್ಷೆ ಇನ್ನಷ್ಟು ಬಿಗಿಯಾಗುತ್ತದೆ. 2013ರಲ್ಲಿ, ಸಂಸ್ಥೆಗಳಿಗೆ ಅಂಕ ಕೊಡುವ ಅಲ್ಲಿನ ಮೂರು ಪ್ರಮುಖ ಸಂಸ್ಥೆಗಳೇ ದಾನಿಗಳಿಗೆ ಬಹಿರಂಗ ಪತ್ರ ಬರೆದು, ಆಡಳಿತ ವೆಚ್ಚದ ಪ್ರಮಾಣ ಒಂದನ್ನೇ ನೋಡಿ ಸಂಸ್ಥೆಯನ್ನು ಅಳೆಯಬೇಡಿ ಎಂದು ಕೇಳಿಕೊಂಡವು.

ಇದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಹಳ್ಳಿಗಳಲ್ಲಿ ಆರೋಗ್ಯದ ಕೆಲಸ ಮಾಡುವ ಒಂದು ಸಂಸ್ಥೆ, ಧನಸಹಾಯ ಕೊಡುವವರ ಒತ್ತಡಕ್ಕೆ ಮಣಿದು, ಔಷಧಿ ದಾಸ್ತಾನನ್ನು ನೋಡಿಕೊಳ್ಳುತ್ತಿದ್ದ ಒಬ್ಬರನ್ನು ಕೆಲಸದಿಂದ ಬಿಡಿಸಿತು. ಆ ಕೆಲಸ ಹೋಗಲಿಲ್ಲ, ನರ್ಸುಗಳ ಹೆಗಲೇರಿತು. ಮೌಲ್ಯಮಾಪನಕ್ಕೆ ಹೋದ ನನಗೆ ಒಬ್ಬ ನರ್ಸ್ ತೋರಿಸಿದ ದಾಸ್ತಾನು ಪುಸ್ತಕದಲ್ಲಿ ಬೆಳಗಿನ ಸರದಿಯವರು ನೀಲಿ ಶಾಯಿಯಲ್ಲೂ ಮಧ್ಯಾಹ್ನದವರು ಕಪ್ಪು ಶಾಯಿಯಲ್ಲೂ ಬರೆದಿದ್ದರು. ಎರಡು ಸರದಿಗಳ ಮೊತ್ತ ಒಂದು ಪುಟದಲ್ಲೂ ತಾಳೆಯಾಗಿರಲಿಲ್ಲ. ಹಿಂದಿನ ಕೋಣೆಯಲ್ಲಿ ಅವಧಿ ಮೀರಿದ ಔಷಧಿಯ ಪೆಟ್ಟಿಗೆಗಳು ಗೋಡೆಗೆ ಒರಗಿದ್ದವು. ಆಕೆ ವಾರಕ್ಕೆ ಮೂರು ಮಧ್ಯಾಹ್ನ ಮನೆಭೇಟಿ ಬಿಟ್ಟು ಎಣಿಕೆಯಲ್ಲೇ ಕಳೆಯುತ್ತಿದ್ದಳು. ವಾರ್ಷಿಕ ವರದಿಯಲ್ಲಿ ಮಾತ್ರ ಆಡಳಿತ ವೆಚ್ಚ ಇಳಿದಿರುವುದನ್ನು ಮುಖಪುಟದಲ್ಲೇ ಅಚ್ಚು ಹಾಕಿದ್ದರು.

ಇನ್ನೊಂದು ಮಗ್ಗುಲನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಸೇವೆಯ ಹೆಸರಿನಲ್ಲಿ ಹಣ ಎತ್ತಿ, ಅದರ ಬಹುಪಾಲನ್ನು ಇನ್ನಷ್ಟು ಹಣ ಎತ್ತಲು ಸುರಿಯುವ ಸಂಸ್ಥೆಗಳಿವೆ. ಸ್ಥಾಪಕರ ನೆಂಟರಿಗೇ ಗುತ್ತಿಗೆ ಕೊಡುವವರಿದ್ದಾರೆ. ಯಾರೂ ಕೇಳದ ಕೆಲಸವನ್ನು ವರ್ಷಗಟ್ಟಲೆ ಮಾಡುತ್ತಾ ವರದಿ ಬರೆಯುವವರೂ ಇದ್ದಾರೆ. ಇಂಥವರನ್ನು ದಾನಿ ಅನುಮಾನಿಸುವುದು ಸರಿಯೇ, ಹಾಗೆ ಅನುಮಾನಿಸಲು ಅವರಿಗೆ ಆಧಾರ ಒದಗಿಸುವುದೂ ಪ್ರಾಮಾಣಿಕ ಲೆಕ್ಕಪತ್ರವೇ. ನಾಳೆ ನಮ್ಮ ಸಂಸ್ಥೆ ಮುಚ್ಚಿಹೋದರೆ ಯಾರಿಗೆ ಏನು ತಪ್ಪಿಹೋಗುತ್ತದೆ ಎಂಬ ಪ್ರಶ್ನೆಯನ್ನು ಪ್ರತಿ ಸಂಸ್ಥೆಯೂ ತನಗೆ ತಾನೇ ಕೇಳಿಕೊಳ್ಳಬೇಕು. ಆ ಮಕ್ಕಳಿಗೆ ಸರ್ಕಾರವೋ ಇನ್ನೊಂದು ಸಂಸ್ಥೆಯೋ ಹೇಗೂ ನೆರವಾಗುತ್ತಿತ್ತು ಎಂದಾದರೆ, ಎಷ್ಟೇ ಪ್ರೀತಿಯಿಂದ ಮಾಡಿದರೂ ಆ ಕೆಲಸದ ಬೆಲೆ ಕಡಿಮೆಯೇ. ಬೇರೆ ಯಾರೂ ಕಾಲಿಡದ ಕಡೆ ನಡೆಯುವ ಸಣ್ಣ ಕೆಲಸದ ಬೆಲೆ ಅದಕ್ಕಿಂತ ಬಹಳ ದೊಡ್ಡದು.

ಈಗ ಮನೆಯವರ ಎರಡು ಪ್ರಶ್ನೆಗಳಿಗೆ ಬರುತ್ತೇನೆ. ಸೇವೆ ಮಾಡುವವರು ತ್ಯಾಗಿಗಳಾಗಿರಬೇಕು ಎಂಬ ನಿರೀಕ್ಷೆ ಹೊಗಳಿಕೆಯಂತೆ ಕೇಳಿಸುತ್ತದೆ, ಆದರೆ ದುಡಿಯುವವರ ಪಾಲಿಗೆ ಅದು ಭಾರ. ತ್ಯಾಗಿ ರಜೆ ಕೇಳುವಂತಿಲ್ಲ, ಸಂಬಳ ಹೆಚ್ಚಿಸಿ ಎನ್ನುವಂತಿಲ್ಲ, ಸಾಕಾಯಿತು ಎಂದು ಬಾಯಿಬಿಡುವಂತಿಲ್ಲ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯುತ್ತದೆ ಎಂಬ ಆತಂಕ ಇದರ ಜೊತೆಗೆ ಸದಾ ಇರುತ್ತದೆ. ಹೀಗೆ ದಣಿದು, ಅನುಭವ ಮಾಗಿದ ಹೊತ್ತಿಗೆ ಕ್ಷೇತ್ರವನ್ನೇ ಬಿಟ್ಟುಹೋದ ಎಷ್ಟೋ ಮಂದಿಯನ್ನು ನಾನು ಬಲ್ಲೆ. ಅವರು ಬಿಟ್ಟುಹೋದಾಗ ಅವರ ಸಂಬಳ ಉಳಿಯುತ್ತದೆ. ಯಾವ ಹಳ್ಳಿಯಲ್ಲಿ ಯಾರ ಮಾತು ನಡೆಯುತ್ತದೆ, ಯಾವ ಮನೆಯ ಮಗು ಯಾಕೆ ಶಾಲೆ ಬಿಟ್ಟಿತು ಎಂಬ ತಿಳಿವಳಿಕೆ ಉಳಿಯುವುದಿಲ್ಲ. ಆದ್ದರಿಂದ ನ್ಯಾಯವಾದ ಸಂಬಳ ಕೇಳುವುದರಲ್ಲಿ ಸಂಕೋಚಪಡಬೇಕಾದದ್ದು ಏನೂ ಇಲ್ಲ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಇಲ್ಲಿ ರೆಡ್ ಕ್ರಾಸ್‌ನ ಇಬ್ಬರು ನೆನಪಿಗೆ ಬರುತ್ತಾರೆ. 1859ರ ಜೂನ್ 24ರಂದು ಇಟಲಿಯ ಸೋಲ್ಫೆರಿನೋದಲ್ಲಿ ನಡೆದ ಯುದ್ಧದ ಗಾಯಾಳುಗಳು ಆರೈಕೆಯಿಲ್ಲದೆ ಬಿದ್ದಿದ್ದನ್ನು ಕಂಡ ಸ್ವಿಸ್ ವ್ಯಾಪಾರಿ ಹೆನ್ರಿ ಡ್ಯೂನಾಂಟ್, ಸುತ್ತಲಿನ ಊರಿನವರನ್ನು ಸೇರಿಸಿ ಎರಡೂ ಕಡೆಯ ಸೈನಿಕರಿಗೆ ಉಪಚಾರ ಮಾಡಿದರು. ಅವರು ಬರೆದ ಪುಸ್ತಕದಿಂದ ಎದ್ದ ಚಿಂತನೆ 1863ರಲ್ಲಿ ಜಿನೀವಾದಲ್ಲಿ ಐವರ ಸಮಿತಿಯಾಯಿತು, ರೆಡ್ ಕ್ರಾಸ್ ಬೆಳೆದದ್ದು ಅದರಿಂದಲೇ. ಅದರಲ್ಲಿದ್ದ ಇನ್ನೊಬ್ಬರು ಗುಸ್ತಾವ್ ಮೊಯ್ನಿಯೇ, ಕಾನೂನು ಓದಿದವರು. ಡ್ಯೂನಾಂಟ್ ತಮ್ಮ ವ್ಯಾಪಾರವನ್ನು ನೋಡಿಕೊಳ್ಳಲಾರದೆ 1867ರಲ್ಲಿ ದಿವಾಳಿಯಾದರು, ಸಮಿತಿಯಿಂದ ಹೊರಬಿದ್ದರು, ದಶಕಗಳ ಕಾಲ ಬಡತನದಲ್ಲಿ ಮರೆತುಹೋದ ವ್ಯಕ್ತಿಯಾಗಿ ಬದುಕಿದರು. 1895ರಲ್ಲಿ ಪತ್ರಕರ್ತರೊಬ್ಬರು ಅವರನ್ನು ಸ್ವಿಸ್ ಹಳ್ಳಿಯೊಂದರಲ್ಲಿ ಕಂಡು ಬರೆದ ಮೇಲೆಯೇ ಜಗತ್ತಿಗೆ ಅವರ ನೆನಪಾದದ್ದು. 1901ರಲ್ಲಿ ಮೊದಲ ನೊಬೆಲ್ ಶಾಂತಿ ಪ್ರಶಸ್ತಿ ಫ್ರೆಡೆರಿಕ್ ಪಾಸಿ ಅವರ ಜೊತೆ ಡ್ಯೂನಾಂಟ್ ಅವರಿಗೂ ಸಂದಿತು. ಮೊಯ್ನಿಯೇ 1864ರಿಂದ 1910ರಲ್ಲಿ ತೀರಿಕೊಳ್ಳುವವರೆಗೂ ಸಮಿತಿಯ ಅಧ್ಯಕ್ಷರಾಗಿದ್ದು, ಪತ್ರವ್ಯವಹಾರ, ನಿಯಮಾವಳಿ, ಸಭೆ, ಒಪ್ಪಂದ ಎಂದು ನಲವತ್ತಾರು ವರ್ಷ ಕಚೇರಿಯ ಕೆಲಸ ಮಾಡಿದರು. ಡ್ಯೂನಾಂಟ್ ಅವರ ವಿಷಯದಲ್ಲಿ ಮೊಯ್ನಿಯೇ ನಿಷ್ಠುರರಾಗಿದ್ದರು ಎಂಬುದು ನಿಜ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೂ ಡ್ಯೂನಾಂಟ್ ಕಂಡ ಕನಸು ಅವರು ದಿವಾಳಿಯಾದ ದಿನವೇ ಅವರೊಂದಿಗೆ ಮುಗಿದುಹೋಗದೆ ಉಳಿದದ್ದಕ್ಕೆ ಆ ಕಚೇರಿಯ ಕೆಲಸವೂ ಕಾರಣ. ಒಬ್ಬರನ್ನು ಜಗತ್ತು ಪೂಜಿಸುತ್ತದೆ, ಇನ್ನೊಬ್ಬರ ಹೆಸರನ್ನು ಕೇಳಿದವರು ಕಡಿಮೆ.

ಕೊನೆಯದಾಗಿ ನೀವು ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಮುಂದಿನ ವರದಿಯಲ್ಲಿ ಆಡಳಿತ ವೆಚ್ಚ ಎಂಬ ಒಂದೇ ಸಾಲನ್ನು ಹಾಗೇ ಬಿಡಬೇಡಿ. ಅದರ ಕೆಳಗೆ ಆ ಹಣದಿಂದ ಏನು ನಡೆಯಿತು ಎಂಬುದನ್ನು ಸರಳವಾದ ವಾಕ್ಯಗಳಲ್ಲಿ ಬರೆಯಿರಿ. ಆರಂಭಕ್ಕೆ ನಿಮ್ಮ ಪತ್ರದಲ್ಲೇ ಸಾಮಗ್ರಿ ಇದೆ. ಒಂದು ವಾರವೆಲ್ಲ ಫೋನಿನಲ್ಲೇ ಹೋಯಿತು ಎಂದು ನೀವು ಬೇಸರದಿಂದ ಬರೆದಿದ್ದೀರಿ. ಆ ವಾರದ ನಿಮ್ಮ ಸಂಬಳ ಎಷ್ಟು, ಖಾತೆ ಸಂಖ್ಯೆ ತಪ್ಪಾಗಿದ್ದರಿಂದ ತಲುಪದೆ ಹೋಗಬಹುದಾಗಿದ್ದ ಹದಿನೇಳು ಮಕ್ಕಳ ವಿದ್ಯಾರ್ಥಿವೇತನ ಒಟ್ಟು ಎಷ್ಟು, ಎರಡನ್ನೂ ಅಕ್ಕಪಕ್ಕದಲ್ಲಿ ಬರೆಯಿರಿ. ಮಕ್ಕಳ ಹೆಸರು ಬೇಡ, ಯಾವ ತರಗತಿ ಎಂದು ಹೇಳಿದರೆ ಸಾಕು. ಬರೆದ ಮೇಲೆ ಆ ಪುಟವನ್ನು ಸಭೆಯಲ್ಲಿ ಮಾತನಾಡಿದ ದಾನಿಗೆ, ವಾರ್ಷಿಕ ವರದಿ ಅಚ್ಚಾಗುವವರೆಗೂ ಕಾಯದೆ, ನೀವೇ ಕಳುಹಿಸಿಕೊಡಿ.